ಹುಳಿ ಹಾಲು, ಹಾವಿನ ವಿಷ ಮತ್ತು ಬಿ.ಪಿ.

ಜಪಾನ್ ಸರ್ಕಾರ 1991ರಲ್ಲಿ ಒಂದು ಹೊಸ ಪದ್ಧತಿ ತಂದಿತು. ತಮ್ಮ ಆಹಾರ ಆರೋಗ್ಯಕ್ಕೆ ಇಂಥದ್ದೇ ಉಪಕಾರ ಮಾಡುತ್ತದೆ ಎಂದು ತಯಾರಕರು ಪುರಾವೆ ಒಪ್ಪಿಸಿದರೆ, ಅದನ್ನು ಪರಿಶೀಲಿಸಿ, ಡಬ್ಬಿಯ ಮೇಲೆ ಹಾಗೆಂದು ಮುದ್ರಿಸಲು ಒಪ್ಪಿಗೆ ಕೊಡುವ ಪದ್ಧತಿ. ಕೆಲವೇ ವರ್ಷಗಳಲ್ಲಿ ಅಮೀಲ್-ಎಸ್ ಎಂಬ ಹುಳಿ ಹಾಲಿನ ಪಾನೀಯಕ್ಕೂ ಆ ಒಪ್ಪಿಗೆ ದೊರೆಯಿತು. ರಕ್ತದೊತ್ತಡ ತುಸು ಹೆಚ್ಚಿರುವವರಿಗೆ ಇದು ತಕ್ಕ ಪಾನೀಯ ಎಂದು ಬಹಿರಂಗವಾಗಿ ಹೇಳಿಕೊಳ್ಳುವ ಹಕ್ಕು ಅದರದಾಯಿತು. ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಕೂಡಿ ಹುಳಿ ಬರಿಸಿದ ಹಾಲಿಗೆ ಸರ್ಕಾರವೊಂದು ಬಿ.ಪಿ.ಯ ವಿಷಯದಲ್ಲಿ ಮುದ್ರೆ ಒತ್ತಿದ್ದು ಸಣ್ಣ ಸಂಗತಿಯಲ್ಲ. ಮೊಸರಿನಿಂದ, ಕಿಮ್ಚಿಯಿಂದ, ದೋಸೆ ಹಿಟ್ಟಿನಿಂದ ಬ್ಯಾಕ್ಟೀರಿಯಾ ಹೆಕ್ಕಿ ಅವುಗಳಿಗೆ ರಕ್ತದೊತ್ತಡ ಇಳಿಸುವ ಗುಣವಿದೆಯೇ ಎಂದು ಹುಡುಕುವ ಇಂದಿನ ಸಂಶೋಧನೆಗಳಿಗೆಲ್ಲ ಈ ಪಾನೀಯದ ಕತೆಯೇ ಬೆನ್ನೆಲುಬು. ಹಾಗಾಗಿ ಅಲ್ಲಿಂದಲೇ ಹೊರಡೋಣ.

ಆ ಹುಳಿ ಹಾಲಿನ ಬೇರು ಇರುವುದು ಮಂಗೋಲಿಯಾದ ಹುಲ್ಲುಗಾವಲಿನಲ್ಲಿ. ಒಸಾಕಾ ಸೀಮೆಯ ಬೌದ್ಧ ದೇವಾಲಯವೊಂದರ ಮನೆತನದಲ್ಲಿ 1878ರಲ್ಲಿ ಹುಟ್ಟಿದ ಕೈಯುನ್ ಮಿಶಿಮಾ ಎಂಬವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಳ ಮಂಗೋಲಿಯಾಕ್ಕೆ ಹೋಗಿದ್ದರು. ಅಲ್ಲಿ ಆರೋಗ್ಯ ಕೆಟ್ಟು ಸೊರಗಿದ್ದಾಗ ಸ್ಥಳೀಯರು ಕೊಟ್ಟ ಹುಳಿ ಹಾಲನ್ನು ದಿನವೂ ಕುಡಿದು ಚೇತರಿಸಿಕೊಂಡರು. ಊರಿಗೆ ಮರಳಿದ ಮೇಲೆ ಅದನ್ನೇ ಜಪಾನಿಗರ ನಾಲಿಗೆಗೆ ಒಗ್ಗುವಂತೆ ಮಾಡಲು ಹೊರಟು, 1919ರ ಜುಲೈ 7ರಂದು ಕ್ಯಾಲ್ಪಿಸ್ ಎಂಬ ಪಾನೀಯವನ್ನು ಮಾರುಕಟ್ಟೆಗೆ ತಂದರು. ಕ್ಯಾಲ್ಸಿಯಂನ ಮೊದಲ ತುಂಡಿಗೆ, ತುಪ್ಪವನ್ನು ಹೇಳುವ ಸಂಸ್ಕೃತದ ಸರ್ಪಿಸ್ ಬೆಸೆದು ಕಟ್ಟಿದ ಹೆಸರದು. ಮಿಶಿಮಾ ಅವರಿಗೆ ಬಿ.ಪಿ.ಯ ಯೋಚನೆ ಇರಲಿಲ್ಲ. ಆ ಕಾಲದಲ್ಲಿ ತೋಳಿಗೆ ಪಟ್ಟಿ ಕಟ್ಟಿ ಒತ್ತಡ ಅಳೆಯುವ ಉಪಕರಣವೇ ಹೊಸದು.

ಬಿ.ಪಿ.ಯ ಪ್ರಶ್ನೆ ಎತ್ತಿದವರು ಎಷ್ಟೋ ದಶಕಗಳ ನಂತರ ಕ್ಯಾಲ್ಪಿಸ್ ಕಂಪನಿಯ ವಿಜ್ಞಾನಿಗಳು, ಮುಂದೆ ಅಮೀಲ್-ಎಸ್ ತಂದವರೇ. ಅವರ ಕೈಗೆ ಒಂದು ಒಳ್ಳೆಯ ಸಾಧನ ಸಿಕ್ಕಿತ್ತು. ಕ್ಯೋಟೋದಲ್ಲಿ ಒಕಾಮೊಟೊ ಮತ್ತು ಆಓಕಿ ಎಂಬ ಇಬ್ಬರು ಸಂಶೋಧಕರು, ಯಾವ ಶಸ್ತ್ರಕ್ರಿಯೆ, ಔಷಧಿಯೂ ಇಲ್ಲದೆ ತಾನಾಗಿಯೇ ರಕ್ತದೊತ್ತಡ ಏರುವ ಇಲಿಗಳ ಒಂದು ವಂಶವನ್ನು ಬೆಳೆಸಿ 1963ರಲ್ಲಿ ವರದಿ ಮಾಡಿದ್ದರು. ಇವತ್ತಿಗೂ ಪ್ರಪಂಚದಾದ್ಯಂತ ಬಿ.ಪಿ. ಸಂಶೋಧನೆಗೆ ಬಳಸುವುದು ಹೆಚ್ಚಾಗಿ ಈ ವಂಶವನ್ನೇ. ಅವುಗಳಿಗೆ ಹುಳಿ ಹಾಲು ಕುಡಿಸಿದಾಗ ಕೆಲವು ಗಂಟೆಗಳಲ್ಲಿ ಒತ್ತಡ ಇಳಿಯಿತು. ಮಾಮೂಲಿ ಒತ್ತಡದ ಇಲಿಗಳಲ್ಲಿ ಏನೂ ಆಗಲಿಲ್ಲ. ಹಾಲಿನಲ್ಲಿ ಈ ಕೆಲಸ ಮಾಡುತ್ತಿರುವುದು ಏನು ಎಂದು ಸೋಸುತ್ತ ಸೋಸುತ್ತ ಹೋದ ನಕಾಮುರಾ ಮತ್ತು ಸಂಗಡಿಗರು 1995ರಲ್ಲಿ ಎರಡು ಪುಟ್ಟ ಅಣುಗಳನ್ನು ಮುಂದಿಟ್ಟರು. ಎರಡೂ ಬರೀ ಮೂರು ಅಮೈನೋ ಆಮ್ಲಗಳ ತುಣುಕು. ಒಂದು ವ್ಯಾಲಿನ್-ಪ್ರೋಲಿನ್-ಪ್ರೋಲಿನ್, ಇನ್ನೊಂದು ಐಸೋಲ್ಯೂಸಿನ್-ಪ್ರೋಲಿನ್-ಪ್ರೋಲಿನ್.

ಈ ತುಣುಕುಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿದರೆ ಇಡೀ ವಿಷಯ ಬಿಡಿಸಿಕೊಳ್ಳುತ್ತದೆ. ಹಾಲಿನ ಮುಖ್ಯ ಪ್ರೋಟೀನು ಕೇಸಿನ್. ಅದರ ಒಂದು ಬಗೆಯಾದ ಬೀಟಾ-ಕೇಸಿನ್‌ನಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಧಾರಾಳ. ಕ್ಯಾಲ್ಪಿಸ್‌ನ ಹುಳಿಗೆ ಕಾರಣವಾದ ಲ್ಯಾಕ್ಟೋಬ್ಯಾಸಿಲಸ್ ಹೆಲ್ವೆಟಿಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಒಂದು ಕೊರತೆಯಿದೆ: ತನಗೆ ಬೇಕಾದ ಎಷ್ಟೋ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು. ಹಾಗಾಗಿ ತನ್ನ ಮೈಯ ಹೊರಗೋಡೆಯ ಮೇಲೆ ಪ್ರೋಟೀನು ಕತ್ತರಿಸುವ ಬಲವಾದ ಕಿಣ್ವವನ್ನು ಇಟ್ಟುಕೊಂಡಿದೆ. ಹಾಲಿಗೆ ಬಿದ್ದೊಡನೆ ಕೇಸಿನ್ ಕತ್ತರಿಸಿ ಹೊಟ್ಟೆ ಹೊರೆಯಲು ಶುರುಮಾಡುತ್ತದೆ. ಪ್ರೋಲಿನ್ ಇರುವ ಕಡೆ ಕೊಂಡಿ ಗಟ್ಟಿ, ಹೆಚ್ಚಿನ ಕಿಣ್ವಗಳಿಗೆ ಅಲ್ಲಿ ಕತ್ತರಿಸಲು ಬಾರದು. ಅದರಿಂದ ಕೊನೆಗೆ ಪ್ರೋಲಿನ್ ತುದಿಯ ಈ ಪುಟ್ಟ ತುಣುಕುಗಳು ಉಳಿದುಬಿಡುತ್ತವೆ. ನಮ್ಮ ಜಠರ, ಕರುಳುಗಳ ಜೀರ್ಣರಸಕ್ಕೂ ಅವು ಸುಲಭವಾಗಿ ಬಗ್ಗುವುದಿಲ್ಲ. ಬ್ಯಾಕ್ಟೀರಿಯಾ ಉಂಡು ಬಿಟ್ಟದ್ದು ನಮ್ಮ ರಕ್ತ ಸೇರುವ ದಾರಿ ಇದು.

ರಕ್ತದಲ್ಲಿ ಅವುಗಳಿಗೇನು ಕೆಲಸ? ನಮ್ಮ ದೇಹದಲ್ಲಿ ಒತ್ತಡ ಕುಸಿದಾಗ ಮೂತ್ರಪಿಂಡ ರೆನಿನ್ ಎಂಬ ಕಿಣ್ವವನ್ನು ಬಿಡುತ್ತದೆ. ಅದರಿಂದ ಹತ್ತು ಅಮೈನೋ ಆಮ್ಲಗಳ ಆಂಜಿಯೋಟೆನ್ಸಿನ್-1 ಎಂಬ ಸರಪಳಿ ಹುಟ್ಟುತ್ತದೆ. ಅದು ಅಷ್ಟೇನೂ ಪ್ರಭಾವಶಾಲಿಯಲ್ಲ. ಶ್ವಾಸಕೋಶ ಮತ್ತು ರಕ್ತನಾಳಗಳ ಒಳಪದರದಲ್ಲಿ ಕುಳಿತ ಇನ್ನೊಂದು ಕಿಣ್ವ, ವೈದ್ಯರು ಎಸಿಇ ಎಂದು ಕರೆಯುವುದು, ಈ ಸರಪಳಿಯ ತುದಿಯಿಂದ ಎರಡು ಕೊಂಡಿ ಕತ್ತರಿಸಿ ಎಂಟು ಉಳಿಸುತ್ತದೆ. ಆ ಎಂಟರ ಸರಪಳಿಯೇ ಆಂಜಿಯೋಟೆನ್ಸಿನ್-2. ಅದು ರಕ್ತನಾಳಗಳನ್ನು ಬಿಗಿಯುತ್ತದೆ, ಉಪ್ಪು-ನೀರನ್ನು ದೇಹದಲ್ಲೇ ಹಿಡಿದಿಡುವಂತೆ ಮಾಡುತ್ತದೆ, ಒತ್ತಡ ಏರುತ್ತದೆ. ಹುಳಿ ಹಾಲಿನ ತುಣುಕುಗಳು ಈ ಎಸಿಇ ಕಿಣ್ವಕ್ಕೆ ಅಡ್ಡಬರುತ್ತವೆ. ಕತ್ತರಿಯ ಬಾಯಿಗೆ ಸಿಕ್ಕಿಕೊಂಡ ಕಡ್ಡಿಯ ಹಾಗೆ. ಕತ್ತರಿಯ ಬಾಯಿ ಮುಚ್ಚದಿದ್ದರೆ ಸರಪಳಿ ತುಂಡಾಗದು, ನಾಳ ಅಷ್ಟಾಗಿ ಬಿಗಿಯದು.

ಈ ಉಪಾಯ ಹೊಸದಲ್ಲ. ಎನಾಲಾಪ್ರಿಲ್, ರಾಮಿಪ್ರಿಲ್ ಎಂದು ಹೆಸರು ಬರೆದ ಮಾತ್ರೆಗಳು ಎಷ್ಟೋ ಮನೆಗಳಲ್ಲಿವೆ. ಅವು ಮಾಡುವುದೂ ಇದನ್ನೇ. ಅವುಗಳ ಹಿರಿಯಣ್ಣ ಕ್ಯಾಪ್ಟೋಪ್ರಿಲ್. ಅದು ಹುಟ್ಟಿದ್ದು ಹಾವಿನ ವಿಷದಿಂದ. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲ ಜಾತಿಯ ಹಾವು ಕಚ್ಚಿದವರ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಅಲ್ಲಿನ ವಿಜ್ಞಾನಿ ಸೆರ್ಜಿಯೋ ಫೆರೇರಾ 1965ರಲ್ಲಿ ಆ ವಿಷದೊಳಗಿನ ಒಂದು ಅಂಶವನ್ನು ಗುರುತಿಸಿದರು. ಅದನ್ನು ಲಂಡನ್ನಿಗೆ ಒಯ್ದು ಜಾನ್ ವೇನ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಅದು ಎಸಿಇ ಕಿಣ್ವವನ್ನು ತಡೆಯುತ್ತದೆ ಎಂದು ತಿಳಿದ ಮೇಲೆ ಅಮೆರಿಕದ ಸ್ಕ್ವಿಬ್ ಕಂಪನಿಯ ಕುಶ್ಮನ್ ಮತ್ತು ಒಂಡೆಟ್ಟಿ ಅದೇ ಜಾಡಿನಲ್ಲಿ ಮಾತ್ರೆಯಾಗಿ ನುಂಗಬಹುದಾದ ಅಣುವೊಂದನ್ನು ಕಟ್ಟಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ನನ್ನನ್ನು ಬೆರಗುಗೊಳಿಸುವುದು ಇಲ್ಲಿನ ಒಂದು ಹೊಂದಿಕೆ. ಹಾವಿನ ವಿಷದ ಆ ತುಣುಕುಗಳ ತುದಿಯಲ್ಲೂ ಪ್ರೋಲಿನ್, ಕ್ಯಾಪ್ಟೋಪ್ರಿಲ್ ಅಣುವಿನ ಬೆನ್ನಲ್ಲೂ ಪ್ರೋಲಿನ್, ಹುಳಿ ಹಾಲಿನ ತುಣುಕುಗಳ ತುದಿಯಲ್ಲೂ ಪ್ರೋಲಿನ್. ಬೇಟೆಯನ್ನು ಕೆಡಹಲು ಹಾವು, ಹೊಟ್ಟೆ ಹೊರೆಯಲು ಬ್ಯಾಕ್ಟೀರಿಯಾ, ಒಂದಕ್ಕೊಂದು ಸಂಬಂಧವಿಲ್ಲದ ದಾರಿಯಲ್ಲಿ ಒಂದೇ ಆಕಾರಕ್ಕೆ ಬಂದು ನಿಂತಿವೆ.

ಆದರೆ ಆಕಾರ ಒಂದೇ ಆದರೂ ಬಲ ಒಂದೇ ಅಲ್ಲ. ಪ್ರಯೋಗನಳಿಕೆಯಲ್ಲಿ ಎಸಿಇಯ ಕೆಲಸವನ್ನು ಅರ್ಧಕ್ಕೆ ಇಳಿಸಲು ಬೇಕಾಗುವ ಸಾಂದ್ರತೆಯನ್ನು ಹೋಲಿಸಿದರೆ, ಈ ಹಾಲಿನ ತುಣುಕುಗಳು ಕ್ಯಾಪ್ಟೋಪ್ರಿಲ್‌ಗಿಂತ ನೂರಾರು ಪಟ್ಟು ದುರ್ಬಲ. ಈ ಒಂದು ಅಂಶವನ್ನು ಮುಚ್ಚಿಟ್ಟು ಬರೆಯುವ ಲೇಖನಗಳೇ ಜನರನ್ನು ದಾರಿ ತಪ್ಪಿಸುತ್ತಿರುವುದು. ಸಂಶೋಧನಾ ಪತ್ರಿಕೆಯಲ್ಲಿ ಎಸಿಇ ತಡೆಯುವ ಗುಣ ಕಂಡಿತು ಎಂದು ಬಂದದ್ದು ಮೊಬೈಲಿನ ಸಂದೇಶದಲ್ಲಿ ಬಿ.ಪಿ. ಮಾತ್ರೆಗೆ ಬದಲು ಮಜ್ಜಿಗೆ ಎಂದಾಗಲು ತಡವಾಗುವುದಿಲ್ಲ. ನಳಿಕೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಹೆಚ್ಚಿನ ಅಣುಗಳು ಬಿದ್ದುಹೋಗುತ್ತವೆ.

ಈ ಹುಳಿ ಹಾಲು ಮನುಷ್ಯರವರೆಗೆ ಬಂದು ತಲುಪಿದೆ, ಅದು ಅದರ ಹೆಚ್ಚುಗಾರಿಕೆ. ಜಪಾನಿನಲ್ಲಿ ಹತಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಿ.ಪಿ. ಇದ್ದ 30 ಹಿರಿಯರಿದ್ದರು. ಒಂದು ಗುಂಪಿಗೆ ಎಂಟು ವಾರ ದಿನವೂ 95 ಮಿಲಿಲೀಟರ್ ಹುಳಿ ಹಾಲು, ಇನ್ನೊಂದಕ್ಕೆ ಹಾಗೆಯೇ ಕಾಣುವ ಬೇರೆ ಪಾನೀಯ. ಹುಳಿ ಹಾಲು ಕುಡಿದವರ ಮೇಲಿನ ಅಂಕಿ ಸರಾಸರಿ 14 ಮಿ.ಮೀ.ನಷ್ಟು ಇಳಿಯಿತು. ಅವರಲ್ಲಿ ಹೆಚ್ಚಿನವರು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಮರೆಯಬಾರದು. ಹಾಲು ಬಂದದ್ದು ಮಾತ್ರೆಯ ಜೊತೆಗೆ, ಮಾತ್ರೆಯ ಜಾಗಕ್ಕಲ್ಲ. ಫಿನ್ಲೆಂಡಿನಲ್ಲಿ 2003ರಲ್ಲಿ ಪ್ರಕಟವಾದ ಪರೀಕ್ಷೆ ಇನ್ನಷ್ಟು ದೀರ್ಘದ್ದು: 39 ಜನ, 21 ವಾರ, ದಿನಕ್ಕೆ 150 ಮಿಲಿಲೀಟರ್. ಎರಡು ಗುಂಪುಗಳ ನಡುವೆ ಕಂಡ ವ್ಯತ್ಯಾಸ ಮೇಲಿನ ಅಂಕಿಯಲ್ಲಿ 6.7, ಕೆಳಗಿನದರಲ್ಲಿ 3.6. ಅನಂತರ ನೆದರ್ಲೆಂಡ್ಸ್‌ನಲ್ಲಿ ನೂರಕ್ಕೂ ಹೆಚ್ಚು ಜನರ ಮೇಲೆ ಅದೇ ತುಣುಕುಗಳನ್ನು ಪರೀಕ್ಷಿಸಿದಾಗ ಯಾವ ಪರಿಣಾಮವೂ ಕಾಣಲಿಲ್ಲ. ಪರೀಕ್ಷೆ ದೊಡ್ಡದಾದಷ್ಟೂ, ಜಪಾನಿನಿಂದ ದೂರ ಹೋದಷ್ಟೂ ಫಲ ಕುಗ್ಗುತ್ತ ಹೋಯಿತು. ಮೊದಮೊದಲಿನ ಪರೀಕ್ಷೆಗಳಲ್ಲಿ ಪಾನೀಯ ತಯಾರಿಸುವ ಕಂಪನಿಗಳ ವಿಜ್ಞಾನಿಗಳೇ ಪಾಲುದಾರರಾಗಿದ್ದದ್ದನ್ನೂ ಓದುಗರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಪುರಾವೆಗಳನ್ನೆಲ್ಲ ತೂಗಿ ನೋಡಿ, ಈ ತುಣುಕುಗಳಿಗೂ ರಕ್ತದೊತ್ತಡಕ್ಕೂ ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲವೆಂದು ತೀರ್ಪು ಕೊಟ್ಟಿತು. ಜಪಾನ್ ಮುದ್ರೆ ಒತ್ತಿದ ಮಾತಿಗೆ ಯುರೋಪ್ ಒಪ್ಪಲಿಲ್ಲ.

ಎಲ್ಲ ಪರೀಕ್ಷೆಗಳನ್ನೂ ಒಟ್ಟುಗೂಡಿಸಿ ಅಳೆದವರೂ ಇದ್ದಾರೆ. ಕಾಕ್ರೇನ್ ಸಂಸ್ಥೆಯ 2012ರ ಪರಾಮರ್ಶೆ ಹುಳಿ ಬರಿಸಿದ ಹಾಲಿನ 15 ಪರೀಕ್ಷೆಗಳನ್ನು ಕೂಡಿಸಿತು. ಮೇಲಿನ ಅಂಕಿಯಲ್ಲಿ ಸರಾಸರಿ ಎರಡೂವರೆ ಮಿ.ಮೀ. ಇಳಿಕೆ, ಕೆಳಗಿನದರಲ್ಲಿ ಇಲ್ಲವೇ ಇಲ್ಲ. ಚಿಕಿತ್ಸೆಯೆಂದು ಬರೆದುಕೊಡಲು ಇದು ಸಾಲದು ಎಂಬುದು ಅವರ ನಿಲುವು. ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಪ್ರೋಬಯಾಟಿಕ್, ಅಂದರೆ ಆರೋಗ್ಯಕ್ಕೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ ಕೊಟ್ಟ ಒಂಬತ್ತು ಪರೀಕ್ಷೆಗಳನ್ನು, ಒಟ್ಟು 543 ಜನರ ಅಂಕಿಅಂಶಗಳನ್ನು ಕೂಡಿಸಿದರು. ಮೇಲಿನದರಲ್ಲಿ 3.56, ಕೆಳಗಿನದರಲ್ಲಿ 2.38 ಮಿ.ಮೀ. ಇಳಿಕೆ ಕಂಡಿತು. ಆದರೆ ಫಲ ಕಂಡದ್ದು ಎಂಟು ವಾರಕ್ಕೆ ಕಡಿಮೆಯಿಲ್ಲದಂತೆ ಕೊಟ್ಟಾಗ, ಒಂದಕ್ಕಿಂತ ಹೆಚ್ಚು ಜಾತಿಯ ಬ್ಯಾಕ್ಟೀರಿಯಾ ಇದ್ದಾಗ, ಮತ್ತು ದಿನದ ಪ್ರಮಾಣ ಹತ್ತು ಸಾವಿರ ಕೋಟಿ ಜೀವಕೋಶ ಮುಟ್ಟಿದಾಗ.

ಹತ್ತು ಸಾವಿರ ಕೋಟಿ ಎಂದರೆ ಎಷ್ಟು? ಪ್ರೋಬಯಾಟಿಕ್ ಎಂದು ಮಾರುವ ಪದಾರ್ಥದಲ್ಲಿ ದಿನದ ಅಳತೆಗೆ ಕನಿಷ್ಠ ಹತ್ತು ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಂದರೆ ಕಾನೂನು ಪಾಲಿಸಿದ ಡಬ್ಬಿಯೊಂದರಲ್ಲಿ, ಆ ಲೆಕ್ಕಾಚಾರದಲ್ಲಿ ಫಲ ಕಂಡ ಪ್ರಮಾಣದ ಸಾವಿರದಲ್ಲಿ ಒಂದು ಪಾಲು ಮಾತ್ರ ಇದ್ದರೂ ಅದು ಪ್ರೋಬಯಾಟಿಕ್ಕೇ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಯೋಗರ್ಟ್ ಎನ್ನಿಸಿಕೊಳ್ಳಲು ಗ್ರಾಂಗೆ ಒಂದು ಕೋಟಿ ಹೆಪ್ಪಿನ ಬ್ಯಾಕ್ಟೀರಿಯಾ ಸಾಕು. ಆ ಕನಿಷ್ಠ ಮಟ್ಟದಲ್ಲಿ 200 ಗ್ರಾಂ ಬಟ್ಟಲಿನಲ್ಲಿ ಸಿಗುವುದು 200 ಕೋಟಿ. ಒಳ್ಳೆಯ ಗಟ್ಟಿ ಮೊಸರಿನಲ್ಲಿ ಇದಕ್ಕಿಂತ ಹತ್ತು ಪಟ್ಟು ಹೆಚ್ಚಿರಬಹುದು. ಆಗಲೂ ದಿನಕ್ಕೆ ಒಂದು ಕೆ.ಜಿ. ಬೇಕು. ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಂಡಾಗ ಹಿಂಬದಿಯ ಸಣ್ಣಕ್ಷರ ಓದುವುದಕ್ಕೆ ಈ ಲೆಕ್ಕವೇ ಸಾಕಷ್ಟು ಕಾರಣ. ಅಲ್ಲಿ ಕುಲ, ಜಾತಿಯ ಹೆಸರಿನ ಮುಂದೆ ಅಕ್ಷರ-ಅಂಕಿಗಳ ಒಂದು ಗುರುತು ಇರಬೇಕು. ಅದು ತಳಿಯ ಗುರುತು. ಹೆಲ್ವೆಟಿಕಸ್ ಜಾತಿಯ ಒಂದು ತಳಿ ಕೇಸಿನ್ ಕತ್ತರಿಸುವುದರಲ್ಲಿ ನಿಸ್ಸೀಮವಾದರೆ ಇನ್ನೊಂದು ಸಾಧಾರಣ. ಫಿನ್ಲೆಂಡಿನ ಪರೀಕ್ಷೆಯ ಫಲ ಸಲ್ಲುವುದು ಅಲ್ಲಿ ಬಳಸಿದ ತಳಿಗೆ, ಇಡೀ ಜಾತಿಗಲ್ಲ. ಮೊಸರು ಎಂಬ ಆಹಾರಕ್ಕಂತೂ ಅಲ್ಲವೇ ಅಲ್ಲ. ನಾನು ಈ ಅಂಕಣದಲ್ಲಿ ಹೇಳಹೊರಟ ಮುಖ್ಯ ಮಾತು ಇದೇ: ಬಿ.ಪಿ. ಇಳಿಸುವ ಗುಣ ತಿನಿಸಿನ ಹೆಸರಿಗೆ ಅಂಟಿಕೊಂಡದ್ದಲ್ಲ. ಅದು ಯಾವ ತಳಿ, ಯಾವ ಪ್ರೋಟೀನನ್ನು, ಎಷ್ಟು ಹೊತ್ತು ಕತ್ತರಿಸಿತು, ಅದರ ಜೊತೆಗೆ ಹೊಟ್ಟೆಗೆ ಇನ್ನೇನು ಹೋಯಿತು ಎಂಬುದಕ್ಕೆ ಸೇರಿದ್ದು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ತಜ್ಞರು 2001ರಲ್ಲಿ ಪ್ರೋಬಯಾಟಿಕ್ ಎಂದರೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣು ಎಂದು ನಿಗದಿ ಮಾಡಿದರು. ಆ ಅಳತೆಗೋಲು ಹಿಡಿದರೆ ಕ್ಯಾಲ್ಪಿಸ್ ಕಂಪನಿಯ ಹುಳಿ ಹಾಲು ಪ್ರೋಬಯಾಟಿಕ್ ಆಗಬೇಕಿಲ್ಲ: ಅದರ ಕೆಲಸಕ್ಕೆ ಬ್ಯಾಕ್ಟೀರಿಯಾ ಜೀವಂತ ಇರಬೇಕೆಂದೇ ಇಲ್ಲ. ಅದು ಬದುಕಿದ್ದಾಗ ಕತ್ತರಿಸಿಟ್ಟ ತುಣುಕುಗಳು ಸಾಕು, ಬ್ಯಾಕ್ಟೀರಿಯಾ ಸತ್ತರೂ ಅವು ಉಳಿಯುತ್ತವೆ. ಜೀವಂತ ಬ್ಯಾಕ್ಟೀರಿಯಾ ಕರುಳಿನೊಳಗೆ ಮಾಡಬಹುದಾದ ಕೆಲಸ ಬೇರೆ. ಕರುಳಿನ ಬ್ಯಾಕ್ಟೀರಿಯಾ ನಾರಿನಂಶವನ್ನು ಅರಗಿಸಿ ಅಸಿಟೇಟ್, ಪ್ರೊಪಿಯೊನೇಟ್‌ನಂಥ ಪುಟ್ಟ ಆಮ್ಲಗಳನ್ನು ಬಿಡುತ್ತವೆ. ಅವು ರಕ್ತ ಸೇರಿ ಮೂತ್ರಪಿಂಡ, ರಕ್ತನಾಳಗಳವರೆಗೆ ಹೋಗುತ್ತವೆ. ಪ್ಲಜ್ನಿಕ್ ಮತ್ತು ಸಂಗಡಿಗರು 2013ರಲ್ಲಿ ಇಲಿಗಳಲ್ಲಿ ತೋರಿಸಿದ ಸಂಗತಿ ವಿಚಿತ್ರವಾದದ್ದು: ಮೂಗಿನಲ್ಲಿ ವಾಸನೆ ಗ್ರಹಿಸುವ ಗ್ರಾಹಕಗಳ ಕುಟುಂಬಕ್ಕೇ ಸೇರಿದ ಒಂದು ಗ್ರಾಹಕ ಮೂತ್ರಪಿಂಡದಲ್ಲಿಯೂ ಇದ್ದು, ಈ ಆಮ್ಲಗಳನ್ನು ಗುರುತಿಸಿ ಒತ್ತಡವನ್ನು ಏರಿಸುತ್ತದೆ, ಅದೇ ಆಮ್ಲಗಳನ್ನು ಗುರುತಿಸುವ ಇನ್ನೊಂದು ಗ್ರಾಹಕ ಒತ್ತಡವನ್ನು ಇಳಿಸುತ್ತದೆ. ಒಂದೇ ಅಣು ಎರಡು ಕಡೆಗೂ ಜಗ್ಗುತ್ತದೆ. ಕರುಳಿನ ಬ್ಯಾಕ್ಟೀರಿಯಾ ಹೆಚ್ಚಾದಷ್ಟೂ ಬಿ.ಪಿ. ಕಡಿಮೆ ಎಂಬ ಸರಳ ಸೂತ್ರ ಇಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಹಾದಿ ಗಾಬಾ ಎಂಬ ಅಣುವಿನದು. ಕಿಮ್ಚಿಯಲ್ಲೂ ಹುಳಿ ತರಕಾರಿಗಳಲ್ಲೂ ಸಿಗುವ ಲ್ಯಾಕ್ಟೋಬ್ಯಾಸಿಲಸ್ ಬ್ರೆವಿಸ್‌ನಂಥ ಕೆಲವು ಬ್ಯಾಕ್ಟೀರಿಯಾ, ಸುತ್ತಲಿನ ಹುಳಿ ಮಿತಿಮೀರಿದಾಗ ಗ್ಲುಟಮೇಟನ್ನು ಗಾಬಾ ಆಗಿ ಬದಲಿಸುತ್ತವೆ. ಹೀಗೆ ಬದಲಿಸುವಾಗ ಆಮ್ಲದ ಒಂದು ಕಣ ಖರ್ಚಾಗುತ್ತದೆ, ಬ್ಯಾಕ್ಟೀರಿಯಾದ ಒಡಲು ತಣ್ಣಗಾಗುತ್ತದೆ. ಇಲ್ಲಿಯೂ ಬ್ಯಾಕ್ಟೀರಿಯಾ ತನ್ನ ಜೀವ ಉಳಿಸಿಕೊಳ್ಳಲು ಮಾಡಿದ್ದು ನಮಗೆ ಒದಗಿಬರುತ್ತದೆ. ಗಾಬಾ ಸೇರಿದ ಹುಳಿ ಹಾಲನ್ನು ಅಲ್ಪ ಪ್ರಮಾಣದ ಬಿ.ಪಿ. ಇದ್ದವರಿಗೆ ಹನ್ನೆರಡು ವಾರ ಕೊಟ್ಟ ಜಪಾನಿನ ಸಣ್ಣ ಪರೀಕ್ಷೆಯೊಂದರಲ್ಲಿ ಒತ್ತಡ ಇಳಿದದ್ದು 2003ರಲ್ಲಿ ವರದಿಯಾಯಿತು.

ಇಷ್ಟೆಲ್ಲ ಹಾದಿಗಳ ನಡುವೆ ನನ್ನನ್ನು ಹೆಚ್ಚು ಕಾಡುವುದು ಉಪ್ಪಿನ ಪ್ರಶ್ನೆ. ಬರ್ಲಿನ್ನಿನ ಸಂಶೋಧಕರ ಮುಂದಾಳತ್ವದಲ್ಲಿ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇಲ್ಲಿ ತುಂಬ ಮುಖ್ಯ. ಅತಿಯಾಗಿ ಉಪ್ಪು ತಿನ್ನಿಸಿದ ಇಲಿಗಳ ಕರುಳಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಮುರಿನಸ್ ಎಂಬ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಅಳಿಸಿಹೋಯಿತು. ಅದರ ಜೊತೆಗೇ ಉರಿಯೂತಕ್ಕೆ ಕಾರಣವಾಗುವ ಒಂದು ಬಗೆಯ ಬಿಳಿ ರಕ್ತಕಣಗಳು ಹೆಚ್ಚಿ, ಒತ್ತಡ ಏರಿತು. ಆ ಬ್ಯಾಕ್ಟೀರಿಯಾವನ್ನು ಮತ್ತೆ ಹೊಟ್ಟೆಗೆ ಕೊಟ್ಟಾಗ ಉಪ್ಪಿನಿಂದಾಗುವ ಏರಿಕೆ ತಗ್ಗಿತು. ಹನ್ನೆರಡು ಆರೋಗ್ಯವಂತ ಗಂಡಸರಿಗೆ ಎರಡು ವಾರ ದಿನಕ್ಕೆ 6 ಗ್ರಾಂ ಉಪ್ಪನ್ನು ಹೆಚ್ಚಾಗಿ ಕೊಟ್ಟಾಗಲೂ ಅವರ ಕರುಳಿನ ಲ್ಯಾಕ್ಟೋಬ್ಯಾಸಿಲಸ್‌ಗಳು ಸೊರಗಿದವು, ಒತ್ತಡ ಏರಿತು. ಹನ್ನೆರಡು ಜನರ ಪರೀಕ್ಷೆ ಸಣ್ಣದು, ನಿಜ. ಆದರೂ ಅದು ಎತ್ತಿದ ಪ್ರಶ್ನೆ ನೇರವಾಗಿ ನಮ್ಮ ಊಟದ ಎಲೆಗೆ ಬರುತ್ತದೆ: ಉಪಕಾರಿ ಬ್ಯಾಕ್ಟೀರಿಯಾವನ್ನು ಉಪ್ಪಿನ ಜೊತೆಯಲ್ಲೇ ಉಣ್ಣುತ್ತಿದ್ದರೆ, ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿಯುತ್ತಿದೆಯಲ್ಲವೇ?

ಉಪ್ಪಿನಕಾಯಿಯನ್ನೇ ನೋಡಿ. ಸಾಗರ, ಶಿರಸಿ ಕಡೆ ಅಪ್ಪೆಮಿಡಿಯನ್ನು ಹರಳುಪ್ಪಿನಲ್ಲಿ ಪದರ ಪದರವಾಗಿ ಹೂತು, ಅದು ನೀರು ಬಿಟ್ಟು ಸುಕ್ಕುಗಟ್ಟುವವರೆಗೆ ಭರಣಿಯಲ್ಲಿ ಇಡುತ್ತಾರೆ. ವರ್ಷಗಟ್ಟಲೆ ಕೆಡದಿರುವ ಗುಟ್ಟು ಆ ಉಪ್ಪೇ. ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೆ ಶೇ. 2-3ರಷ್ಟು ಉಪ್ಪು ಹಿತ. ಕಿಮ್ಚಿ, ಜರ್ಮನಿಯ ಹುಳಿ ಕೋಸುಗಳಲ್ಲಿ ಇರುವುದು ಸರಿಸುಮಾರು ಅಷ್ಟೇ. ಶೇ. 10 ದಾಟಿತೆಂದರೆ ಅವುಗಳಲ್ಲಿ ಹೆಚ್ಚಿನವು ಸೋತು ಸುಮ್ಮನಾಗುತ್ತವೆ. ನಮ್ಮ ಮಿಡಿ ಉಪ್ಪಿನಕಾಯಿಯ ರುಚಿಗೆ ಸಾಟಿಯಿಲ್ಲ, ಆ ಸೊನೆಯ ಪರಿಮಳಕ್ಕೆ ನಾನೂ ಮನಸೋತವನೇ. ಆದರೆ ಅದನ್ನು ಪ್ರೋಬಯಾಟಿಕ್ ಎಂದು ಹೊಗಳುವವರು ಬಿ.ಪಿ. ಇರುವವರಿಗೆ ಕೇಡು ಮಾಡುತ್ತಿದ್ದಾರೆ. ಉಪ್ಪು ಬೆರೆಸಿ ಬಿಸಿಲಿಗೆ ಒಣಗಿಸಿ, ಕಾದ ಎಣ್ಣೆಯಲ್ಲಿ ಕರಿಯುವ ಮಜ್ಜಿಗೆ ಮೆಣಸಿನ ವಿಷಯವನ್ನಂತೂ ಬೇರೆ ಹೇಳಬೇಕಾಗಿಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಚಹಾ ಚಮಚ ಉಪ್ಪು ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತೀಯರು ಸರಾಸರಿ ಅದರ ಸರಿಸುಮಾರು ಎರಡು ಪಟ್ಟು ತಿನ್ನುತ್ತೇವೆ.

ಇಡ್ಲಿ ಹಿಟ್ಟಿನ ಕತೆ ಬೇರೆ. ಅದನ್ನು ಉಬ್ಬಿಸುವ ಕೆಲಸದಲ್ಲಿ ಮುಂದಾಳು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದ ಪ್ರಸಿದ್ಧ ಪ್ರಬಂಧ 1965ರದು. ಮುಖರ್ಜಿ ಅವರೊಡನೆ ಸ್ಟೈನ್‌ಕ್ರಾಸ್ ಮೊದಲಾದವರು ಬರೆದದ್ದು. ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಆ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ. ಹಾಗಾಗಿ ಇಡ್ಲಿ ಪ್ರೋಬಯಾಟಿಕ್ ಅಲ್ಲ. ಆದರೆ ರಾತ್ರಿಯಿಡೀ ಅದು ಉದ್ದಿನ ಪ್ರೋಟೀನಿನ ಮೇಲೆ ಮಾಡಿದ ಕೆಲಸ ಹಬೆಗೆ ಅಳಿಸಿಹೋಗಬೇಕೆಂದಿಲ್ಲ. ಮೂರು ಅಮೈನೋ ಆಮ್ಲದಂಥ ಪುಟ್ಟ ತುಣುಕುಗಳು ಬಿಸಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಿಟ್ಟಿಗೆ ಉಪ್ಪನ್ನು ಎಷ್ಟು ಹಾಕುತ್ತೇವೆ, ಮೇಲೆ ಸಾಂಬಾರು-ಚಟ್ನಿಯ ಉಪ್ಪು ಎಷ್ಟು ಎಂಬುದೇ ಬಿ.ಪಿ.ಯ ಮಟ್ಟಿಗೆ ಹೆಚ್ಚು ಮುಖ್ಯವಾದೀತು. ಮನೆಯ ಮೊಸರು ಇವೆಲ್ಲಕ್ಕಿಂತ ಭರವಸೆಯದು: ಬ್ಯಾಕ್ಟೀರಿಯಾ ಜೀವಂತ, ಪ್ರೋಟೀನು ಹಾಲಿನದು, ಉಪ್ಪಿಲ್ಲ. ತೊಡಕಿರುವುದು ಹೆಪ್ಪಿನಲ್ಲಿ. ಒಂದು ಮನೆಯ ಹೆಪ್ಪಿನಲ್ಲಿ ಇರುವ ತಳಿಗಳು ಪಕ್ಕದ ಮನೆಯದರಲ್ಲಿ ಇರಲಾರವು. ಬೇಸಗೆಯಲ್ಲಿ ನಾಲ್ಕೈದು ಗಂಟೆಗೆ ಹುಳಿಯಾಗುವ ಮೊಸರಿಗೂ ಮಾಗಿಯಲ್ಲಿ ರಾತ್ರಿಯಿಡೀ ತೆಗೆದುಕೊಳ್ಳುವ ಮೊಸರಿಗೂ ಒಳಗಿನ ಜನಸಂಖ್ಯೆ ಬೇರೆ ಬೇರೆ. ಇಂಥ ಮೊಸರಿಗೆ ಜಪಾನಿನ ಪಾನೀಯದ ಫಲವನ್ನು ಹಾಗೆಯೇ ಹೊಂದಿಸಲು ಬಾರದು.

ಹುಳಿಸಿದ್ದೆಲ್ಲ ಬಿ.ಪಿ. ಇಳಿಸುತ್ತದೆ ಎಂದುಕೊಂಡವರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಖಿನ್ನತೆಗೆ ಕೊಡುತ್ತಿದ್ದ ಒಂದು ಬಗೆಯ ಮಾತ್ರೆ ನುಂಗುತ್ತಿದ್ದವರಿಗೆ ಸಿಡಿಯುವ ತಲೆನೋವು, ಹಠಾತ್ತನೆ ಏರುವ ಒತ್ತಡ 1960ರ ದಶಕದ ಆರಂಭದಲ್ಲಿ ವೈದ್ಯರನ್ನು ಕಂಗೆಡಿಸಿತ್ತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಔಷಧ ತಜ್ಞರೊಬ್ಬರು, ತಮ್ಮ ಪತ್ನಿಗೆ ಚೀಸ್ ತಿಂದಾಗಲೆಲ್ಲ ಹೀಗಾಗುತ್ತದೆ ಎಂದು ಬರೆದ ಪತ್ರ ಸುಳಿವು ಕೊಟ್ಟಿತು; ಲಂಡನ್ನಿನ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ 1963ರಲ್ಲಿ ಆ ಸಂಬಂಧವನ್ನು ಪ್ರಕಟಿಸಿದರು. ಚೀಸ್ ಮಾಗುವಾಗ ಬ್ಯಾಕ್ಟೀರಿಯಾಗಳು ಟೈರೊಸಿನ್ ಎಂಬ ಅಮೈನೋ ಆಮ್ಲವನ್ನು ಟೈರಮಿನ್ ಆಗಿ ಬದಲಿಸುತ್ತವೆ. ಟೈರಮಿನ್ ರಕ್ತದೊತ್ತಡ ಏರಿಸುತ್ತದೆ. ಅದನ್ನು ಕರುಳಿನಲ್ಲೇ ನಾಶಮಾಡುವ ಕಿಣ್ವವನ್ನು ಆ ಮಾತ್ರೆ ತಡೆಹಿಡಿದಿತ್ತು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಕೆಲವು ಸೋಂಕುಗಳಿಗೆ ಕೊಡುವ ಲಿನೆಜೋಲಿಡ್‌ಗೂ ಅಲ್ಪಸ್ವಲ್ಪ ಇದೇ ಗುಣವಿದೆ. ತಾಜಾ ಮೊಸರು, ಮಜ್ಜಿಗೆಯಲ್ಲಿ ಟೈರಮಿನ್ ನಗಣ್ಯ. ಬಹುಕಾಲ ಮಾಗಿದ ಚೀಸ್, ಸೋಯಾ ಸಾಸ್, ಹುಳಿಸಿದ ಮೀನುಗಳಲ್ಲಿ ಹೆಚ್ಚು. ಈ ಔಷಧಿಗಳನ್ನು ತೆಗೆದುಕೊಳ್ಳುವವರು ಊಟದ ವಿಷಯವನ್ನು ವೈದ್ಯರಲ್ಲಿ ಬಾಯಿಬಿಟ್ಟು ಕೇಳಬೇಕು.

ಇನ್ನು ಮೂರು ಮಿ.ಮೀ. ಇಳಿಕೆಗೆ ಏನು ಬೆಲೆ? 160 ಇರುವ ಒಬ್ಬರಿಗೆ 157 ಆದರೆ ಅವರ ಅಪಾಯ ಹೆಚ್ಚೇನೂ ತಗ್ಗದು. ಅವರಿಗೆ ಮಾತ್ರೆ ಬೇಕು, ಉಪ್ಪು ಕಡಿಮೆಯಾಗಬೇಕು, ನಡಿಗೆ ಬೇಕು. ಆದರೆ ಇಡೀ ಸಮಾಜದ ಲೆಕ್ಕ ಬೇರೆ. ಹತ್ತು ಲಕ್ಷ ವಯಸ್ಕರ ಮಾಹಿತಿಯನ್ನು ಕೂಡಿಸಿದ 2002ರ ಅಧ್ಯಯನದ ಅಂದಾಜಿನಲ್ಲಿ, ನಡುವಯಸ್ಸಿನವರ ಮೇಲಿನ ಅಂಕಿ ಸರಾಸರಿ 2 ಮಿ.ಮೀ. ಇಳಿದರೂ ಪಾರ್ಶ್ವವಾಯುವಿನ ಸಾವು ಶೇ. 10ರಷ್ಟು, ಹೃದಯದ ರಕ್ತನಾಳದ ಕಾಯಿಲೆಯ ಸಾವು ಶೇ. 7ರಷ್ಟು ತಗ್ಗುತ್ತದೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಭಾರತೀಯ ವಯಸ್ಕರಲ್ಲಿ ಶೇ. 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡ ಇದೆಯೆಂದು ಹೇಳಿತು. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ದಿನದ ಊಟದಿಂದ ಬರುವ ಎರಡು-ಮೂರು ಮಿ.ಮೀ.ಯನ್ನು ತಳ್ಳಿಹಾಕುವಂತಿಲ್ಲ, ಅದನ್ನೇ ನಂಬಿ ಮಾತ್ರೆ ಬಿಡುವಂತೆಯೂ ಇಲ್ಲ. ಬಿ.ಪಿ. ಏರಿದ್ದು ಮೈಗೆ ಗೊತ್ತಾಗುವುದಿಲ್ಲ. ಮಾತ್ರೆ ನಿಲ್ಲಿಸಿದವರು ಚೆನ್ನಾಗಿಯೇ ಇದ್ದೇನೆ ಎಂದುಕೊಂಡು ಓಡಾಡುತ್ತಿರುತ್ತಾರೆ, ಒಂದು ಬೆಳಿಗ್ಗೆ ಕೈಕಾಲು ಬೀಳುವವರೆಗೆ.

ಹಾಗಾದರೆ ನಮ್ಮಲ್ಲಿ ಆಗಬೇಕಾದ ಕೆಲಸವೇನು? ಮೊಸರು, ಹಿಟ್ಟು, ಅಂಬಲಿಗಳಿಂದ ಹೊಸ ತಳಿ ಹೆಕ್ಕಿ ನಳಿಕೆಯಲ್ಲಿ ಎಸಿಇ ತಡೆದು ತೋರಿಸುವ ಪ್ರಬಂಧಗಳು ಬೇಕಾದಷ್ಟು ಬರುತ್ತಿವೆ. ಅಲ್ಲಿಂದ ಮುಂದಿನ ಮೆಟ್ಟಿಲಿಗೆ ಹಣ, ತಾಳ್ಮೆ ಎರಡೂ ಬೇಕು. ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ 1950ರಿಂದ ಇದೆ. ರಾಜ್ಯದ ಉದ್ದಗಲಕ್ಕೂ ವೈದ್ಯಕೀಯ ಕಾಲೇಜುಗಳಿವೆ, ಅವುಗಳ ಹೊರರೋಗಿ ವಿಭಾಗದಲ್ಲಿ ದಿನವೂ ಬಿ.ಪಿ. ತೋರಿಸಲು ಬರುವವರ ಸಾಲಿದೆ. ಅವರು ನುಂಗುತ್ತಿರುವ ಮಾತ್ರೆಯನ್ನು ಹಾಗೆಯೇ ಮುಂದುವರಿಸಿ, ಗೊತ್ತಾದ ತಳಿಯಿಂದ ಹೆಪ್ಪು ಹಾಕಿದ ಮೊಸರಿನ ಮಜ್ಜಿಗೆಯನ್ನು ಮೂರು ತಿಂಗಳು ಕೊಟ್ಟು, ದಿನಪೂರ್ತಿ ತೋಳಿನಲ್ಲೇ ಇದ್ದು ರಾತ್ರಿಯ ಒತ್ತಡವನ್ನೂ ಅಳೆಯುವ ಯಂತ್ರದಿಂದ ನೋಡಬೇಕು. ಗುಂಪುಗಳು ಮೂರಿರಲಿ: ಒಂದಕ್ಕೆ ಆ ತಳಿಯ ಸಪ್ಪೆ ಮಜ್ಜಿಗೆ, ಒಂದಕ್ಕೆ ಅದೇ ಮಜ್ಜಿಗೆಗೆ ನಮ್ಮ ಮನೆಗಳಲ್ಲಿ ಹಾಕುವಷ್ಟೇ ಉಪ್ಪು, ಇನ್ನೊಂದಕ್ಕೆ ಬ್ಯಾಕ್ಟೀರಿಯಾ ಇಲ್ಲದೆ ಬರೀ ಆಮ್ಲ ಸೇರಿಸಿ ಹುಳಿ ಮಾಡಿದ ಹಾಲು. ಯಾರು ಏನು ಕುಡಿಯುತ್ತಿದ್ದಾರೆಂದು ಅಳೆಯುವವರಿಗೆ ಗೊತ್ತಿರಬಾರದು. ಮೊದಲೆರಡು ಗುಂಪುಗಳ ನಡುವಿನ ಅಂತರವೇ, ಒಂದು ಲೋಟ ಮಜ್ಜಿಗೆಯಲ್ಲಿ ಬ್ಯಾಕ್ಟೀರಿಯಾ ಇಳಿಸಿದ್ದರಲ್ಲಿ ಎಷ್ಟನ್ನು ಉಪ್ಪು ತಿಂದುಹಾಕುತ್ತದೆ ಎಂಬುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ.